ನಮ್ಮ ಶಾಲೆಯ ನೀರಿನ ಚರಿತ್ರೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಸಮಿತಿಯವರು ಕೇಳಿದಾಗ, ನಮಗೆ ಪಾಠ ಹೇಳಿದ ಗುರುಗಳ ಬಗ್ಗೆ ಬರೆಯುತ್ತೇನೆಂದು ಒಪ್ಪಿಕೊಂಡಿದ್ದೆ. ಆಮೇಲೆ ಒಂದು ಭಾನುವಾರ ಶಾಲೆಯ ಅಂಗಳದಲ್ಲಿ ಪೂರ್ವಭಾವಿ ಸಭೆ ಸೇರಿತು. ಬೆಂಗಳೂರಿನಿಂದ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಗೆ ದೊಡ್ಡದೊಂದು ನೀರಿನ ಫಿಲ್ಟರ್ ಕೊಡಿಸುವುದಾಗಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅವರು ಜೊತೆಗೆ ಒಂದು ಷರತ್ತನ್ನೂ ಸೇರಿಸಿದರು: ‘ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವುದನ್ನು ನಿಲ್ಲಿಸಬೇಕು. ಕ್ಲೋರಿನ್ ಹಾಕಿದ ನೀರಿನಲ್ಲಿ ಕ್ಯಾನ್ಸರ್ ತರುವ ವಸ್ತು ಹುಟ್ಟುತ್ತೆ. ನಮ್ಮ ಮಕ್ಕಳಿಗೆ ಅದನ್ನು ಕುಡಿಸೋದು ಬೇಡ.’

ಕೆಲವರು ತಲೆದೂಗಿದರು, ಕೆಲವರು ನಕ್ಕರು. ನಾನು ಎರಡನ್ನೂ ಮಾಡಲಾಗದೆ ಕುಳಿತಿದ್ದೆ. ಅವರ ಮಾತು ಸುಳ್ಳಲ್ಲ. ಆದರೆ ಅದೇ ಮಾತನ್ನು ಮೂವತ್ತು ವರ್ಷದ ಹಿಂದೆ ಬೇರೊಂದು ಶಾಲೆಯಲ್ಲಿ ನಾನೇ ಆಡಿದ್ದೆ, ಆಡಿದ್ದು ಮಾತ್ರವಲ್ಲ ನಡೆಸಿಯೂ ಇದ್ದೆ. ಆದ್ದರಿಂದ ಗುರುಗಳು ಕ್ಷಮಿಸಲಿ, ಈ ಸಂಚಿಕೆಯಲ್ಲಿ ನಾನು ನೀರಿನ ಬಗ್ಗೆಯೇ ಬರೆಯುತ್ತೇನೆ.

ಗುಬ್ಬಿಯಿಂದ ತಿಪಟೂರಿಗೆ ರೈಲಿನಲ್ಲಿ ಹೋಗುವವರಿಗೆ ಅಮ್ಮಸಂದ್ರ ಎಂದರೆ ಎರಡು ಗುರುತು: ತೆಂಗಿನ ತೋಟ ಮತ್ತು ಸಿಮೆಂಟ್ ಕಾರ್ಖಾನೆ. ಮೈಸೂರು ಸಿಮೆಂಟ್ಸ್ ಇಲ್ಲಿಗೆ ಬಂದದ್ದು ಈ ಸೀಮೆಯ ಸುಣ್ಣಕಲ್ಲನ್ನು ನಂಬಿ. ನೆಲದ ಸುಣ್ಣ ನೀರಿಗೂ ಇಳಿಯುತ್ತದೆ. ತೊಗರಿಬೇಳೆ ಬೇಯಲು ಹಟ ಮಾಡುವುದು, ಸೋಪು ನೊರೆ ಕೊಡದಿರುವುದು, ಹಂಡೆಯ ಒಳಮೈಗೆ ಬಿಳಿ ಕಿಟ್ಟ ಕಟ್ಟುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಗಡಸು ನೀರು ಅಡುಗೆಯವರಿಗೆ ಕಾಟ ಕೊಡುತ್ತದೆ, ಆದರೆ ಅದರಿಂದ ಮಕ್ಕಳು ಆಸ್ಪತ್ರೆ ಸೇರುವುದಿಲ್ಲ. ನೀರಿನ ಕೇಡು ಎಂದರೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಪಾವಗಡದ ಫ್ಲೋರೈಡ್, ಕಂದು ಹಲ್ಲು, ಬಾಗಿದ ಮೂಳೆ. ಅದು ಬೇರೆಯೇ ಕಥೆ, ಇಲ್ಲಿ ಬೆರೆಸುವುದಿಲ್ಲ.

ನಾನು ಎಂಟನೆ ತರಗತಿಗೆ ಸೇರಿದಾಗ ಶಾಲೆಗೆ ಇದ್ದದ್ದು ಸೇದುವ ಬಾವಿ. ಕಲ್ಲು ಕಟ್ಟಡದ ಬಾವಿ, ಕಬ್ಬಿಣದ ಗಡಗಡೆ, ಸುತ್ತ ತೆಂಗಿನ ಮರ. ಹೊಂಬಾಳೆ ಒಡೆದಾಗ ಹೂವು ಉದುರಿ ನೀರಿನ ಮೇಲೆ ಕೆನೆಯ ಹಾಗೆ ನಿಲ್ಲುತ್ತಿತ್ತು, ಗಾಳಿಗೆ ಒಣಗರಿಯೂ ಬೀಳುತ್ತಿತ್ತು. ಈ ಬಾವಿಯನ್ನು ನೋಡಿಕೊಳ್ಳುತ್ತಿದ್ದವರು ಗಂಟೆ ಹೊಡೆಯುತ್ತಿದ್ದ ಜವಾನರು. ಹೆಸರು ಬರೆಯದಿದ್ದರೂ ನಮ್ಮ ಕಾಲದವರಿಗೆಲ್ಲ ಗೊತ್ತು. ಅವರು ಓದಿದ್ದು ನಾಲ್ಕನೆ ಕ್ಲಾಸು.

ಅವರಿಗೆ ನೀರಿನ ವಿಷಯದಲ್ಲಿ ಕೆಲವು ಕಟ್ಟಳೆಗಳಿದ್ದವು, ಅವನ್ನು ಮೀರಲು ಹೆಡ್‌ಮಾಸ್ಟರಿಗೂ ಬಿಡುತ್ತಿರಲಿಲ್ಲ. ಬೆಳಗ್ಗೆ ಬಂದ ಕೂಡಲೆ ಉದ್ದದ ಗಳುವಿಗೆ ಕಟ್ಟಿದ ಬಲೆಯಿಂದ ಬಾವಿಯ ಮೇಲಿನ ಕಸ ತೆಗೆಯುವುದು. ಮೊದಲ ನಾಲ್ಕು ಬಿಂದಿಗೆ ನೀರು ಗಿಡಕ್ಕೆ. ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ ವರಾಂಡದ ಗುಡಾಣಕ್ಕೆ. ಗುಡಾಣದೊಳಗೆ ಯಾರೂ ಕೈ ಅದ್ದುವಂತಿಲ್ಲ, ಉದ್ದ ಹಿಡಿಯ ಸೌಟಿನಲ್ಲಿ ಎತ್ತಿ ಲೋಟಕ್ಕೆ ಹಾಕಿಕೊಳ್ಳಬೇಕು. ಒಮ್ಮೆ ಲೋಟವನ್ನೇ ಅದ್ದಿದ್ದಕ್ಕೆ ನನಗೆ ಬಿದ್ದ ಏಟು ಇನ್ನೂ ನೆನಪಿದೆ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಆಳು ಇಳಿಸಿ ಹೂಳು ತೆಗೆಸುತ್ತಿದ್ದರು.

ಕ್ಲೋರಿನ್ ಹಾಕುವುದಕ್ಕೆ ಅವರು ಆರೋಗ್ಯ ಇಲಾಖೆಯವರು ಹೇಳಿಕೊಟ್ಟ ಎರಡು ಮಡಕೆಯ ವಿಧಾನವನ್ನು ಅನುಸರಿಸುತ್ತಿದ್ದರು. ಇದನ್ನು ರೂಪಿಸಿದ್ದು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಅಂದರೆ ನೀರಿ. ಒಂದು ಸಣ್ಣ ಮಡಕೆಯೊಳಗೆ 1 ಕೆ.ಜಿ. ಬ್ಲೀಚಿಂಗ್ ಪೌಡರಿಗೆ 2 ಕೆ.ಜಿ. ದಪ್ಪ ಮರಳು ಬೆರೆಸಿ ತುಂಬಬೇಕು. ಅದನ್ನು ಇನ್ನೊಂದು ದೊಡ್ಡ ಮಡಕೆಯೊಳಗೆ ಇಟ್ಟು ಬಾಯಿ ಕಟ್ಟಿ, ಹಗ್ಗದಲ್ಲಿ ನೀರಿನ ಮಟ್ಟದಿಂದ ಒಂದು ಮೀಟರ್ ಕೆಳಗೆ ತೂಗುಬಿಡಬೇಕು. ಎರಡಕ್ಕೂ ಒಂದೊಂದು ಸಣ್ಣ ತೂತು. ಪೌಡರಿನ ಸಾರ ಒಂದು ಮಡಕೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಬಾವಿಗೆ ನಿಧಾನವಾಗಿ ಇಳಿಯುತ್ತದೆ. 4,500 ಲೀಟರಿನಷ್ಟು ನೀರಿರುವ ಮನೆಬಳಕೆಯ ಬಾವಿಗೆ ಇಂಥ ಒಂದು ಜೋಡಿ ಎರಡು ಮೂರು ವಾರ ಬರುತ್ತದೆ. ನಮ್ಮ ಬಾವಿ ದೊಡ್ಡದು, ಅದಕ್ಕೆ ಎರಡು ಜೋಡಿ ಬಿಡುತ್ತಿದ್ದರು. ಒಂದೇ ಸಲ ಬೊಗಸೆಗಟ್ಟಲೆ ಸುರಿಯುವ ಪದ್ಧತಿ ಅವರಿಗೆ ಆಗುತ್ತಿರಲಿಲ್ಲ. ‘ಉಪ್ಪು ಜಾಸ್ತಿ ಆದ್ರೆ ಸಾರು ಕೆಡಲ್ವೇನ್ರೋ’ ಎನ್ನುತ್ತಿದ್ದರು.

ಅವರಿಗೆ ತಿಳಿಯದ, ನಮಗೂ ತಿಳಿಯದ ಒಂದು ಸಂಗತಿ ಅದಾಗಲೇ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಪತ್ತೆಯಾಗಿತ್ತು.

ನಮ್ಮ ಶಾಲೆಯ ವಯಸ್ಸೂ ಆ ಸಂಗತಿಯ ವಯಸ್ಸೂ ಹೆಚ್ಚು ಕಡಿಮೆ ಒಂದೇ. 1974ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್ ನಗರದ ನೀರು ಸರಬರಾಜಿನಲ್ಲಿದ್ದ ರಸಾಯನಶಾಸ್ತ್ರಜ್ಞ ಯೊಹಾನೆಸ್ ರೂಕ್ ಒಂದು ವರದಿ ಪ್ರಕಟಿಸಿದರು. ನದಿಯ ನೀರಿಗೆ ಕ್ಲೋರಿನ್ ಹಾಕಿದ ಮೇಲೆ ಅದರಲ್ಲಿ ಕ್ಲೋರೋಫಾರ್ಮ್ ಇರುವುದು ಅವರಿಗೆ ಕಂಡಿತ್ತು. ಹಾಕುವ ಮೊದಲು ಅದು ಇರಲಿಲ್ಲ. ಅದೇ ವರ್ಷ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಬೆಲ್ಲರ್, ಲಿಕ್ಟೆನ್‌ಬರ್ಗ್ ಮತ್ತು ಕ್ರೋನರ್ ಎಂಬವರೂ ಬೇರೆಯಾಗಿ ಇದನ್ನೇ ಕಂಡುಕೊಂಡರು. ಕ್ಲೋರೋಫಾರ್ಮ್ ಎಂದರೆ, 1847ರಲ್ಲಿ ಎಡಿನ್‌ಬರೋದ ಡಾಕ್ಟರ್ ಸಿಂಪ್ಸನ್ ಹೆರಿಗೆಯ ನೋವಿಗೆಂದು ಕೊಡಲು ಆರಂಭಿಸಿದ, ಆಪರೇಷನ್‌ಗೆ ಮೊದಲು ಮೂಗಿಗೆ ಹಿಡಿಯುತ್ತಿದ್ದ ಅದೇ ದ್ರವ.

ಇದು ಎಲ್ಲಿಂದ ಬಂತು? ಎಲೆ, ಗರಿ, ಹುಲ್ಲು ಕೊಳೆತಾಗ ಅದರ ಒಗರು ನೀರಿಗೆ ಇಳಿಯುತ್ತದೆ. ಟೀ ಪುಡಿಯಿಂದ ಡಿಕಾಕ್ಷನ್ ಇಳಿದ ಹಾಗೆಯೇ. ಕೆರೆಯ ನೀರಿಗೆ ತಿಳಿಗಂದು ಬಣ್ಣ ಬರುವುದು ಇದರಿಂದ. ಕ್ಲೋರಿನ್ ರೋಗಾಣುಗಳನ್ನು ಹಿಡಿದಂತೆ ಈ ಒಗರನ್ನೂ ಹಿಡಿಯುತ್ತದೆ. ಆ ಗುದ್ದಾಟದಲ್ಲಿ ಹುಟ್ಟುವ ಉಪಉತ್ಪನ್ನಗಳಿಗೆ ಟ್ರೈಹ್ಯಾಲೋಮೀಥೇನ್ ಎಂದು ಹೆಸರು. ಕ್ಲೋರೋಫಾರ್ಮ್ ಅವುಗಳಲ್ಲಿ ಒಂದು. ನೀರಿನಲ್ಲಿ ಬ್ರೋಮೈಡ್ ಇದ್ದರೆ ಬ್ರೋಮೋಫಾರ್ಮ್ ಮೊದಲಾದ ಇನ್ನು ಮೂರು ಹುಟ್ಟುತ್ತವೆ. ಒಗರು ಜಾಸ್ತಿ, ಕ್ಲೋರಿನ್ ಜಾಸ್ತಿ, ಬಿಸಿಲು ಜಾಸ್ತಿ, ನಿಂತ ಹೊತ್ತು ಜಾಸ್ತಿ ಆದಷ್ಟೂ ಇವೂ ಜಾಸ್ತಿ. ಆಳದ ಬೋರ್‌ವೆಲ್ ನೀರಿನಲ್ಲಿ ಒಗರು ಕಡಿಮೆ, ಹಾಗಾಗಿ ಇವೂ ಸಾಮಾನ್ಯವಾಗಿ ಕಡಿಮೆ. ಕೆರೆ, ಕಾಲುವೆ, ಗರಿ ಬಿದ್ದ ಬಾವಿಯಲ್ಲಿ ಹೆಚ್ಚು.

1976ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ, ಹೆಚ್ಚಿನ ಪ್ರಮಾಣದ ಕ್ಲೋರೋಫಾರ್ಮ್ ಕೊಟ್ಟ ಇಲಿಗಳಲ್ಲಿ ಗಡ್ಡೆ ಬಂದವು ಎಂದು ವರದಿ ಮಾಡಿತು. 1979ರಲ್ಲಿ ಆ ದೇಶ ಮೊದಲ ಬಾರಿಗೆ ಮಿತಿ ಹಾಕಿತು: ನಾಲ್ಕೂ ಸೇರಿ ಲೀಟರಿಗೆ 100 ಮೈಕ್ರೋಗ್ರಾಂ. ಆಮೇಲೆ ಅದನ್ನು 80ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ ಕ್ಲೋರೋಫಾರ್ಮ್ ಒಂದಕ್ಕೇ 300 ಮೈಕ್ರೋಗ್ರಾಂ ತನಕ ಇರಬಹುದು ಎನ್ನುತ್ತದೆ. ನಮ್ಮ ದೇಶದ ಐಎಸ್ 10500 ಮಾನದಂಡದ 2012ರ ಆವೃತ್ತಿಯಲ್ಲಿ ಅದು 0.2 ಮಿಲಿಗ್ರಾಂ, ಅಂದರೆ 200 ಮೈಕ್ರೋಗ್ರಾಂ. ಅದೇ ಮಾನದಂಡ, ನಲ್ಲಿಯಲ್ಲಿ ಬರುವ ನೀರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂದೂ ಹೇಳುತ್ತದೆ. ಉಳಿಯಲೇಬೇಕಾದ ಕ್ಲೋರಿನ್ನೂ 0.2, ಮೀರಬಾರದ ಕ್ಲೋರೋಫಾರ್ಮೂ 0.2. ವಿಜ್ಞಾನ ಮೇಷ್ಟ್ರಾಗಿ ನನಗೆ ಈ ಎರಡು ಅಂಕಿ ಅಕ್ಕಪಕ್ಕ ನಿಂತಿರುವುದು ಕಂಡಾಗೆಲ್ಲ ಹಳೆಯ ಕಥೆ ನೆನಪಾಗುತ್ತದೆ. ಅದನ್ನು ಹೇಳುವುದಕ್ಕೇ ಈ ಲೇಖನ.

ತೊಂಬತ್ತರ ದಶಕದಲ್ಲಿ ನಾನು ಬಿ.ಎಡ್. ಮುಗಿಸಿ ಬೇರೊಂದು ಊರಿನ ಶಾಲೆಗೆ ವಿಜ್ಞಾನ ಶಿಕ್ಷಕನಾಗಿ ಹೋದೆ. ಊರಿನ ಹೆಸರು ಬೇಡ. ಶಾಲೆಯ ಬಾವಿ ಕೆರೆ ಏರಿಯ ಕೆಳಗೆ, ತೋಟದ ನಡುವೆ. ಮಳೆಗಾಲದಲ್ಲಿ ಅದರ ನೀರು ನೀರುಮಜ್ಜಿಗೆಗೆ ಬೆಲ್ಲ ಬೆರೆಸಿದಂಥ ಬಣ್ಣ. ಬ್ಲೀಚಿಂಗ್ ಹಾಕಿದ ದಿನ ಮಕ್ಕಳು ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದರು. ಆ ದಿನಗಳಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ರೂಕ್ ಅವರ ಸಂಶೋಧನೆಯ ಬಗ್ಗೆ ಓದಿದೆ. ಹೊಸದಾಗಿ ಓದಿದವನ ಉತ್ಸಾಹ ಹೇಗಿರುತ್ತದೆಂದು ಶಿಕ್ಷಕ ಮಿತ್ರರಿಗೆ ಗೊತ್ತು. ಪೋಷಕರ ಸಭೆಯಲ್ಲಿ ಬೋರ್ಡಿನ ಮೇಲೆ ರಾಸಾಯನಿಕ ಸಮೀಕರಣ ಬರೆದು ಅರ್ಧ ಗಂಟೆ ಭಾಷಣ ಮಾಡಿದೆ. ವಾಸನೆ ಬರುತ್ತಿದೆ ನೋಡಿ, ಅದೇ ವಿಷ ಎಂದೂ ಹೇಳಿಬಿಟ್ಟೆ. ಅದು ತಪ್ಪು. ಕುಡಿಯುವ ನೀರಿನಲ್ಲಿ ಇರಬಹುದಾದಷ್ಟು ಕ್ಲೋರೋಫಾರ್ಮಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಮೂಗಿಗೆ ಬಡಿಯುವುದು ಕ್ಲೋರಿನ್ ಮತ್ತು ಅದರ ಬೇರೆ ಸಂಯುಕ್ತಗಳು. ಅಷ್ಟೂ ತಿಳಿಯದೆ ನಾನು ಹೆಡ್‌ಮಾಸ್ಟರನ್ನು ಒಪ್ಪಿಸಿ ಆ ಮಳೆಗಾಲ ಬ್ಲೀಚಿಂಗ್ ನಿಲ್ಲಿಸಿದೆ. ಬಾವಿ ತೊಳೆಸಲಿಲ್ಲ, ಗರಿ ಬೀಳದಂತೆ ಬಲೆ ಹಾಕಿಸಲಿಲ್ಲ, ನೀರು ಕಾಯಿಸುವ ಏರ್ಪಾಡೂ ಮಾಡಲಿಲ್ಲ. ನಿಲ್ಲಿಸಿದ್ದೊಂದೇ ನಾನು ಮಾಡಿದ ಕೆಲಸ.

ಎರಡು ವಾರದಲ್ಲಿ ವಾಂತಿಭೇದಿ ಶುರುವಾಯಿತು. ಹಾಸ್ಟೆಲಿನ ಊಟ, ಜಾತ್ರೆಯ ತಿಂಡಿ ಎಂದು ಏನೇನೋ ಕಾರಣ ಹುಡುಕಿದೆವು. ಮತ್ತೂ ಒಂದು ತಿಂಗಳಿಗೆ ಕಾಮಾಲೆ ಬಂತು. ಒಂಬತ್ತನೆ ತರಗತಿಯ ಹುಡುಗಿಯೊಬ್ಬಳ ಕಣ್ಣು ಅರಿಶಿನವಾಗಿ, ಊಟ ಸೇರದೆ, ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದಳು. ಆರೋಗ್ಯ ಇಲಾಖೆಯವರು ಬಂದು ಬಾವಿಯ ನೀರಿನ ಮಾದರಿ ಒಯ್ದರು. ‘ಕುಡಿಯಲು ಯೋಗ್ಯವಲ್ಲ’ ಎಂದು ವರದಿ ಬಂತು. ಮಳೆಯಲ್ಲಿ ಮೇಲಿನ ಹೊಲದ ಬದಿಯ ನೀರೆಲ್ಲ ಬಾವಿಗೆ ಇಳಿದಿತ್ತು.

ಹುಡುಗಿಯನ್ನು ನೋಡಲು ಹೋದೆ. ಅವಳ ತಂದೆ ತೆಂಗಿನಕಾಯಿ ಕೆಡಹುವ ಕೆಲಸದವರು. ನನ್ನ ಭಾಷಣದ ದಿನ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಜಗಳ ಆಡಲಿಲ್ಲ, ಮಂಚದ ಪಕ್ಕ ಸ್ಟೂಲು ಸರಿಸಿಕೊಟ್ಟರು. ಆಮೇಲೆ ಕೇಳಿದರು: ‘ಮೇಷ್ಟ್ರೇ, ಆ ಕಾಯಿಲೆ ಮೂವತ್ತು ವರ್ಷಕ್ಕೋ ನಲವತ್ತು ವರ್ಷಕ್ಕೋ ಬರಬೌದು ಅಂದಿದ್ರಿ. ಇದು ಒಂದೇ ತಿಂಗಳಿಗೆ ಬಂತಲ್ಲ. ಯಾವುದಕ್ಕೆ ಮೊದ್ಲು ಹೆದರಬೇಕಾಗಿತ್ತು?’

ಉತ್ತರ ಇರಲಿಲ್ಲ. ಅವಳು ಗುಣವಾಗಿ ಶಾಲೆಗೆ ಬಂದಳು, ಈಗ ಎರಡು ಮಕ್ಕಳ ತಾಯಿ. ಆದರೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಇಂಥ ತಪ್ಪನ್ನು ದೇಶಗಳೇ ಮಾಡಿದವು ಎಂಬ ಮಾತೂ ಇದೆ. 1991ರಲ್ಲಿ ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಕಾಲರಾ ಹೊಕ್ಕಿತು. ಒಂದೇ ವರ್ಷದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಕ್ಲೋರೋಫಾರ್ಮಿನ ಭಯಕ್ಕೆ ಅಲ್ಲಿ ಬಾವಿಗಳಿಗೆ ಕ್ಲೋರಿನ್ ನಿಲ್ಲಿಸಿದ್ದರು, ಅದಕ್ಕೇ ಹೀಗಾಯಿತು ಎಂದು ಎಲ್ಲೆಡೆ ಬರೆದರು. ಆಮೇಲೆ ಕೂಲಂಕಷವಾಗಿ ನೋಡಿದವರು, ಅದು ಅಷ್ಟು ನೇರವಲ್ಲ, ಅಲ್ಲಿನ ಪೈಪು ವ್ಯವಸ್ಥೆಯೇ ಹದಗೆಟ್ಟಿತ್ತು, ಎಷ್ಟೋ ಕಡೆ ಮೊದಲಿನಿಂದಲೂ ಕ್ಲೋರಿನ್ ಇರಲಿಲ್ಲ ಎಂದು ತೋರಿಸಿದರು. ನನ್ನ ಕಥೆಗೆ ಪೆರುವಿನ ಆಸರೆ ಸಿಗುವುದಿಲ್ಲ ಎಂದು ಅದನ್ನು ಓದಿದಾಗ ಸ್ವಲ್ಪ ಬೇಸರವೇ ಆಯಿತು. ಅದೇ 1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಲೋರಿನ್ ಹಾಕಿದ ಕುಡಿಯುವ ನೀರನ್ನು ಪರಿಶೀಲಿಸಿ, ಅದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವರ್ಗೀಕರಿಸಲು ಸಾಕಷ್ಟು ಆಧಾರವಿಲ್ಲ ಎಂದಿತು. ಕ್ಲೋರೋಫಾರ್ಮ್ ಅನ್ನು ಮಾತ್ರ ‘ತರಬಹುದಾದ’ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಉಪಉತ್ಪನ್ನಗಳನ್ನು ಕಡಿಮೆ ಮಾಡಲು ಹೋಗಿ ರೋಗಾಣು ಕೊಲ್ಲುವ ಕೆಲಸದಲ್ಲಿ ರಾಜಿಯಾಗಬೇಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಪಷ್ಟ ಮಾತು.

ದೂರದ ಮಾತು ಬೇಡ ಎನ್ನುವವರು ನೆರೆಜಿಲ್ಲೆ ನೋಡಬಹುದು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಸತ್ತವರಲ್ಲಿ ಯಾರೂ ಮೂವತ್ತು ವರ್ಷ ಕಾಯಲಿಲ್ಲ.

ಈಗ ನಮ್ಮ ಶಾಲೆಗೆ ಮರಳುತ್ತೇನೆ. ಸೇದುವ ಬಾವಿ ಬತ್ತಿ, ಕೈಪಂಪಿನ ಬೋರ್ ಬಂತು. ಕೆಲವು ವರ್ಷ ಹಿಡಿ ಒತ್ತುವುದೇ ನಮ್ಮ ಹುಡುಗರ ವ್ಯಾಯಾಮವಾಗಿತ್ತು. ಆ ಬೋರೂ ಕೆಳಗಿಳಿದು ಮೋಟರು, ತೊಂಬೆ, ಕೊನೆಗೆ ಪ್ಲಾಸ್ಟಿಕ್ ಟ್ಯಾಂಕು ಬಂದವು. ಹೇಮಾವತಿ ನಾಲೆಯ ನೀರು ತಾಲ್ಲೂಕಿನ ಕೆರೆಗಳಿಗೆ ಬಿಟ್ಟ ವರ್ಷ ತೋಟಗಳ ಬೋರ್‌ಗಳು ಉಸಿರಾಡುತ್ತವೆ, ಬಿಡದ ವರ್ಷ ಇಲ್ಲ. 2019ರಲ್ಲಿ ಜಲಜೀವನ್ ಯೋಜನೆ ಬಂತು, ನಮ್ಮಲ್ಲಿ ಅದಕ್ಕೆ ‘ಮನೆ ಮನೆಗೆ ಗಂಗೆ’ ಎಂದು ಹೆಸರು. 2020ರ ಗಾಂಧಿ ಜಯಂತಿಯಂದು ಶಾಲೆ, ಅಂಗನವಾಡಿಗಳಿಗೆ ನಲ್ಲಿ ಹಾಕಿಸುವ ನೂರು ದಿನದ ಅಭಿಯಾನವನ್ನೂ ಆರಂಭಿಸಿದರು. ಹೀಗೆ ನೀರಿನ ದಾರಿ ಬದಲಾಗುತ್ತಾ ಬಂದಂತೆ ಜವಾನರ ಆ ಕಟ್ಟಳೆಗಳು ಒಂದೊಂದೇ ಕಳಚಿದವು. ಗುಡಾಣ ಒಡೆದ ಮೇಲೆ ಹೊಸದು ತರಲಿಲ್ಲ. ಸೌಟು ಬಿಸಿಯೂಟದ ಕೋಣೆಗೆ ಹೋಯಿತು. ಟ್ಯಾಂಕು ಮಹಡಿಯ ಮೇಲಿದ್ದುದರಿಂದ ಅದರೊಳಗೆ ಏನಿದೆ ಎಂದು ಯಾರೂ ನೋಡುವಂತಿರಲಿಲ್ಲ.

ಮೊನ್ನೆ ನೋಡಿದೆ. ಸಭೆಯ ಮಾರನೆಯ ದಿನ ಇಬ್ಬರು ಹತ್ತನೆ ತರಗತಿ ಹುಡುಗರ ಜೊತೆ ಏಣಿ ಹತ್ತಿ ಮುಚ್ಚಳ ತೆಗೆದರೆ, ತಳದಲ್ಲಿ ನಾಲ್ಕು ಬೆರಳು ಕೆಸರು, ಗೋಡೆಗೆ ಪಾಚಿ, ಅದರ ಮೇಲೆ ಹಾಗೇ ಸುರಿದ ಬ್ಲೀಚಿಂಗ್ ಪೌಡರಿನ ಬಿಳಿ ಗಟ್ಟಿ. ಕ್ಲೋರೋಫಾರ್ಮ್ ಹುಟ್ಟಿಸಬೇಕೆಂದೇ ಯಾರೋ ಪ್ರಯೋಗ ಮಾಡಿದಂತಿತ್ತು. ಒಗರಿಗೆ ಕೆಸರು, ಪಾಚಿ; ಲೆಕ್ಕವಿಲ್ಲದ ಕ್ಲೋರಿನ್; ಬಿಸಿಲಿಗೆ ಕಾದ ಟ್ಯಾಂಕು. ನಮ್ಮ ಬೆಂಗಳೂರಿನ ಮಿತ್ರರ ಆತಂಕಕ್ಕೆ ಆಧಾರವಿತ್ತು. ಹಾಗೆಂದು ಅದಕ್ಕೆ ಪರಿಹಾರ ಕ್ಲೋರಿನ್ ಬಿಡುವುದಲ್ಲ, ಮೊದಲು ಕೆಸರನ್ನು ಬಿಡಿಸುವುದು.

ಲೆಕ್ಕ ತೀರಾ ಸುಲಭ. ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ನೂರಕ್ಕೆ 33ರಷ್ಟು ಕ್ಲೋರಿನ್ ಇರುತ್ತದೆ. ಅಂಥದ್ದಾದರೆ 1,000 ಲೀಟರ್ ತಿಳಿನೀರಿಗೆ ಸುಮಾರು 2.5 ಗ್ರಾಂ ಸಾಕು. ಅಂದರೆ ನಮ್ಮ 2,000 ಲೀಟರಿನ ಟ್ಯಾಂಕಿಗೆ ತಲೆ ತುಂಬಿದ ಒಂದು ಟೀ ಚಮಚ. ಬೊಗಸೆ ಸುರಿದರೆ ಹತ್ತಾರು ಪಟ್ಟು ಹೆಚ್ಚು. ಬಾಯಿ ತೆರೆದಿಟ್ಟ ಚೀಲದ ಹಳೆಯ ಪೌಡರಿನಲ್ಲಿ ಸತ್ವ ಹೋಗಿರುತ್ತದೆ, ಅದನ್ನು ಎಷ್ಟು ಹಾಕಿದರೂ ಸುಣ್ಣ ಮಾತ್ರ. ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಟ್ಯಾಂಕಿಗೆ ಹಾಕಿ ಕನಿಷ್ಠ ಅರ್ಧ ಗಂಟೆ ಬಿಡಬೇಕು. ಸರಿಯಾಯಿತೋ ಇಲ್ಲವೋ ಎಂದು ನೋಡಲು ಸಣ್ಣ ಕ್ಲೋರೋಸ್ಕೋಪ್ ಪೆಟ್ಟಿಗೆ ಸಿಗುತ್ತದೆ. ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಔಷಧದ ಹನಿ ಬಿಟ್ಟರೆ ಹಳದಿ ಬರುತ್ತದೆ, ಪಟ್ಟಿಯ ಬಣ್ಣದ ಜೊತೆ ಹೋಲಿಸಿ ಓದಿಕೊಳ್ಳುವುದು. ಟ್ರೈಹ್ಯಾಲೋಮೀಥೇನ್ ಅಳೆಯಲು ಗ್ಯಾಸ್ ಕ್ರೊಮಟೋಗ್ರಾಫ್ ಬೇಕು, ಅದು ದೊಡ್ಡ ಪ್ರಯೋಗಾಲಯದ ಮಾತು. ಆದರೆ ಅದರ ಮೂಲವಾದ ಕೆಸರನ್ನು ಅಳೆಯಲು ಕಣ್ಣು ಸಾಕು.

ಇನ್ನು ಫಿಲ್ಟರ್. ಅದರಲ್ಲಿ ಕ್ಲೋರಿನ್ನನ್ನೂ ಕ್ಲೋರೋಫಾರ್ಮನ್ನೂ ಹೀರುವ ಭಾಗ ಯಾವುದು ಗೊತ್ತೆ? ಇದ್ದಿಲು. ಅದರಲ್ಲೂ ಶ್ರೇಷ್ಠವೆಂದು ಹೆಸರಾದದ್ದು ತೆಂಗಿನ ಕರಟದ ಇದ್ದಿಲು. ಕರಟವನ್ನು ಸುಟ್ಟು, ಆ ಇದ್ದಿಲನ್ನು 800 ಡಿಗ್ರಿಗೂ ಮೇಲಿನ ಶಾಖದಲ್ಲಿ ಹಬೆಗೆ ಒಡ್ಡಿದರೆ ಅದರ ಮೈತುಂಬ ಕಣ್ಣಿಗೆ ಕಾಣದ ತೂತುಗಳು ಏಳುತ್ತವೆ. ಕ್ಲೋರೋಫಾರ್ಮಿನಂಥ ಸಣ್ಣ ಅಣುಗಳು ಅಲ್ಲಿ ಸಿಕ್ಕಿಬೀಳುತ್ತವೆ. ಉಂಡೆ ಕೊಬ್ಬರಿ ಸುಲಿದು ನಾವು ಮೂಟೆ ಲೆಕ್ಕದಲ್ಲಿ ಮಾರಿಬಿಡುವ ಚಿಪ್ಪು, ಬೆಲೆಬಾಳುವ ಫಿಲ್ಟರಿನ ಹೊಟ್ಟೆಯಲ್ಲಿ ಕುಳಿತು ನಮ್ಮೂರಿಗೇ ವಾಪಸು ಬರುತ್ತದೆ! ಆದರೆ ಈ ಇದ್ದಿಲು ತುಂಬಿಹೋದ ಮೇಲೆ ಬದಲಿಸಲೇಬೇಕು, ಇಲ್ಲದಿದ್ದರೆ ಅದೇ ರೋಗಾಣುಗಳಿಗೆ ಮನೆಯಾಗುತ್ತದೆ. ಕ್ಲೋರಿನ್ ಹೀರಿದ ಮೇಲೆ ಬರುವ ನೀರಿಗೆ ಕಾವಲೂ ಇರುವುದಿಲ್ಲ, ಆಗಿಂದಾಗ್ಗೆ ಕುಡಿಯಬೇಕು. ಕ್ಯಾನುಗಳಲ್ಲಿ ಮೂರು ದಿನ ಇಡಬಾರದು. ಫಿಲ್ಟರ್ ಇಲ್ಲದ ಮನೆಯವರು ನೀರನ್ನು ಮುಚ್ಚಳ ತೆರೆದಿಟ್ಟು ಕುದಿಸಿದರೆ ಸಾಕು. ಕ್ಲೋರೋಫಾರ್ಮ್ 61 ಡಿಗ್ರಿಗೇ ಆವಿಯಾಗುತ್ತದೆ, ರೋಗಾಣುಗಳೂ ಸಾಯುತ್ತವೆ.

ಎರಡನೆಯ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ, ಆಸ್ಪತ್ರೆಯ ಪ್ರಸಂಗವನ್ನೂ ಸೇರಿಸಿ. ಬೆಂಗಳೂರಿನ ಮಿತ್ರರು ಬಹಳ ಹೊತ್ತು ಸುಮ್ಮನಿದ್ದು, ‘ಸರ್, ಷರತ್ತು ಬೇಡ, ಫಿಲ್ಟರಿನ ಜೊತೆ ಇದ್ದಿಲು ಬದಲಿಸೋ ಖರ್ಚನ್ನೂ ಐದು ವರ್ಷ ನಾನೇ ನೋಡ್ಕೋತೀನಿ’ ಎಂದರು. ಟ್ಯಾಂಕು ತೊಳೆಯುವ ಕೆಲಸಕ್ಕೆ ನಮ್ಮ ಬ್ಯಾಚಿನವರು ಸರದಿ ಹಾಕಿಕೊಂಡಿದ್ದೇವೆ, ಮೂರು ತಿಂಗಳಿಗೊಮ್ಮೆ. ಕ್ಲೋರೋಸ್ಕೋಪ್ ಪೆಟ್ಟಿಗೆ ಈಗ ಸ್ಟಾಫ್ ರೂಮಿನ ಬೀರುವಿನಲ್ಲಿದೆ. ಪಕ್ಕದಲ್ಲಿ ಇನ್ನೂರು ಪುಟದ ಒಂದು ನೋಟ್ ಬುಕ್ಕು. ಪ್ರಾರ್ಥನೆಗೆ ಮೊದಲು ಒಂಬತ್ತನೆ ತರಗತಿಯ ಇಬ್ಬರು ನಲ್ಲಿಯ ನೀರು ಪರೀಕ್ಷಿಸಿ ತಾರೀಖು ಹಾಕಿ ಬರೆಯುತ್ತಾರೆ. ಮೊದಲ ವಾರ ಎರಡು ದಿನ 0.2, ಒಂದು ದಿನ 0.5, ಮೂರು ದಿನ ಸೊನ್ನೆ. ಸೊನ್ನೆ ಬಂದ ದಿನ ನೀರುಗಂಟಿಗೆ ಫೋನ್ ಮಾಡುವುದು ಹೆಡ್‌ಮಾಸ್ಟರ ಕೆಲಸ. ಪುಸ್ತಕದ ಮೊದಲ ಪುಟದಲ್ಲಿ ಗಂಟೆ ಹೊಡೆಯುತ್ತಿದ್ದ ಜವಾನರ ಹೆಸರನ್ನು ದೊಡ್ಡದಾಗಿ ಬರೆದಿದ್ದೇವೆ. ಈ ಮಕ್ಕಳಿಗೆ ಅವರು ಯಾರೆಂದು ಗೊತ್ತಿಲ್ಲ, ಕೇಳಿದವರಿಗೆ ಹೇಳುತ್ತೇನೆ.